ಎಲ್ಲರೂ ‘ಲೈವ್’ ನೋಡುವಾಗ ಬರುವುದು ಒಂದೇ ಪ್ರತಿಯೇ?

ಕ್ರಿಕೆಟ್ ಪಂದ್ಯದ ದಿನ ಮೊಬೈಲಿನಲ್ಲಿ ಚಿತ್ರ ನಿಂತು ನಿಂತು ಬಂದಾಗ ಹಲವರು ಕೇಳುವ ಪ್ರಶ್ನೆ ಇದು: “ಟಿವಿಯಲ್ಲಿ ಎಷ್ಟು ಮಂದಿ ನೋಡಿದರೂ ಚಿತ್ರ ನಿಲ್ಲುವುದಿಲ್ಲ. ಇಂಟರ್‌ನೆಟ್‌ನಲ್ಲಿ ಮಾತ್ರ ಯಾಕೆ ಹೀಗೆ? ಲೈವ್ ಅಂದಮೇಲೆ ಎಲ್ಲರಿಗೂ ಬರುವುದು ಅದೇ ಚಿತ್ರ ತಾನೇ?”

ಚಿತ್ರ ಅದೇ. ಆದರೆ ಪ್ರತಿ ಒಂದಲ್ಲ. ಇಂದು ನಾವು ಬಳಸುವ ಇಂಟರ್‌ನೆಟ್‌ನಲ್ಲಿ ನೋಡುವವರು ಎಷ್ಟು ಮಂದಿಯೋ ಅಷ್ಟು ಪ್ರತಿಗಳು ಬೇರೆ ಬೇರೆಯಾಗಿ ಹರಿಯುತ್ತವೆ. ಒಂದು ಸಣ್ಣ ಲೆಕ್ಕ ಹಾಕೋಣ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಾಗ ಹೇಳಿದ್ದು ಪ್ರತಿ ಪಂಚಾಯಿತಿಗೆ 100 ಎಂಬಿಪಿಎಸ್ ವೇಗ. ಮುಂದೆ ಇದೇ ಭಾರತ್‌ನೆಟ್ ಆಯಿತು. ಸಾಧಾರಣ ಗುಣಮಟ್ಟದ ಲೈವ್ ವಿಡಿಯೊಗೆ 3 ಎಂಬಿಪಿಎಸ್ ಬೇಕು ಎಂದುಕೊಳ್ಳಿ. ದೇವದುರ್ಗ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ಈ ಸಂಪರ್ಕದ ಮೇಲೆ 33 ಮಂದಿ ಪಂದ್ಯ ನೋಡಲು ಕುಳಿತರೆ ಕೊಳವೆ ತುಂಬಿತು. 34ನೆಯವರು ಬಂದರೆ ಎಲ್ಲರ ಚಿತ್ರವೂ ತಡವರಿಸಲು ಶುರು. ಅವರೆಲ್ಲ ನೋಡುತ್ತಿರುವುದು ಒಂದೇ ಚೆಂಡು, ಒಂದೇ ಬ್ಯಾಟು!

ಹಾಗಾದರೆ ಒಂದೇ ಪ್ರತಿ ಕಳಿಸುವ ತಂತ್ರ ಇನ್ನೂ ಬಂದಿಲ್ಲವೇ? ಬಂದಿದೆ, ಬಂದು ಮೂರು ದಶಕಗಳೇ ಕಳೆದಿವೆ. ಒಂದು ಸಂಸ್ಥೆಯ ಜಾಲದ ಒಳಗೆ ಅದು ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಸೋತದ್ದು ಒಬ್ಬರ ಜಾಲದಿಂದ ಇನ್ನೊಬ್ಬರ ಜಾಲಕ್ಕೆ ದಾಟುವ ಗಡಿಯಲ್ಲಿ. ಚಿತ್ರವನ್ನು ದಾಟಿಸುವುದು ಅಷ್ಟು ಕಷ್ಟವಾಗಿರಲಿಲ್ಲ. “ಇಂಥದ್ದನ್ನು ಇಂಥವರು ಕಳಿಸುತ್ತಿದ್ದಾರೆ” ಎಂಬ ಸುದ್ದಿಯನ್ನು ದಾಟಿಸುವುದೇ ಕಷ್ಟವಾಯಿತು.

ರಾಯಚೂರಿಗೆ ಆಕಾಶದಿಂದ ಬಂದ ಒಂದೇ ಪ್ರತಿ

ಒಂದೇ ಪ್ರತಿಯನ್ನು ಸಾವಿರಾರು ಊರು ನೋಡಿದ ಪ್ರಯೋಗವೊಂದರಲ್ಲಿ ರಾಯಚೂರು ಜಿಲ್ಲೆಗೆ ಪಾಲಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಮತ್ತು ನಾಸಾ ಸೇರಿ ನಡೆಸಿದ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಅದಕ್ಕೆ ಆರಿಸಿದ್ದರು. ಕರ್ನಾಟಕದಿಂದ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಅಮೆರಿಕದ ಎಟಿಎಸ್-6 ಉಪಗ್ರಹ ಆಕಾಶದಿಂದ ಚೆಲ್ಲುತ್ತಿದ್ದ ಸಂಕೇತವನ್ನು ಹಳ್ಳಿಗಳಲ್ಲಿ ಹಿಡಿದದ್ದು ಕೋಳಿಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಡಿಶ್.

ಆ ವ್ಯವಸ್ಥೆಯಲ್ಲಿ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಹುದಿತ್ತು. ಅಂದರೆ ಒಂದೇ ಚಿತ್ರಕ್ಕೆ ಎರಡು ಭಾಷೆ. ಇನ್ನೊಂದು ಹಳ್ಳಿ ಟಿವಿ ಹಚ್ಚಿದರೆ ಉಪಗ್ರಹಕ್ಕೆ ಒಂದು ಗುಂಜಿಯಷ್ಟೂ ಹೆಚ್ಚಿನ ಭಾರವಿರಲಿಲ್ಲ. ಕಳಿಸುವವರಿಗೆ ನೋಡುವವರ ಲೆಕ್ಕ ಬೇಕಿರಲಿಲ್ಲ. ಇದು ‘ಪ್ರಸಾರ’. ಬೇಕಾದವರು ಬೇಡದವರು ಎನ್ನದೆ ಎಲ್ಲರ ಮೇಲೂ ಮಳೆಯಂತೆ ಬೀಳುತ್ತದೆ.

ಇಂಟರ್‌ನೆಟ್‌ನಲ್ಲಿ ಹೀಗೆ ಮಳೆ ಸುರಿಸಲು ಬರುವುದಿಲ್ಲ. ಜಗತ್ತಿನ ಎಲ್ಲ ವಿಡಿಯೊಗಳೂ ಎಲ್ಲರ ಮನೆಗೂ ಬಂದು ಬಿದ್ದರೆ ಯಾವ ಫೈಬರ್ ತಡೆದೀತು? ಬೇಕೆಂದವರಿಗೆ ಮಾತ್ರ ಹೋಗಬೇಕು, ಆದರೆ ದಾರಿಯಲ್ಲಿ ಒಂದೇ ಪ್ರತಿ ಇರಬೇಕು. ಈ ನಡುವಿನ ದಾರಿಗೆ ‘ಮಲ್ಟಿಕಾಸ್ಟ್’ ಎಂದು ಹೆಸರು. ಸ್ಟೀವ್ ಡೀರಿಂಗ್ ಎಂಬ ಸಂಶೋಧಕ ಇಂಟರ್‌ನೆಟ್‌ಗೆ ಇದರ ನಿಯಮಗಳನ್ನು ಬರೆದರು, ಅವು 1989ರ ಆಗಸ್ಟ್‌ನಲ್ಲಿ ಪ್ರಕಟವಾದವು.

ಕವಲೊಡೆಯುವಲ್ಲಿ ಮಾತ್ರ ನಕಲು

ತುಂಗಭದ್ರಾ ಎಡದಂಡೆ ನಾಲೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಮುಖ್ಯ ನಾಲೆ ಒಂದೇ. ಅದರಿಂದ ವಿತರಣಾ ನಾಲೆಗಳು, ಅವುಗಳಿಂದ ಹೊಲಗಾಲುವೆಗಳು. ನೀರು ಬೇಕಾದ ಕಡೆಗೆ ಮಾತ್ರ ಕವಲು. ಮಲ್ಟಿಕಾಸ್ಟ್‌ನಲ್ಲೂ ಹೀಗೆಯೇ: ಒಂದು ಪ್ರತಿ ಮುಖ್ಯ ದಾರಿಯಲ್ಲಿ ಬರುತ್ತದೆ, ದಾರಿ ಕವಲೊಡೆಯುವ ರೂಟರ್‌ನಲ್ಲಿ ಮಾತ್ರ ಅದರ ನಕಲು ತೆಗೆಯಲಾಗುತ್ತದೆ. ಯಾರೂ ಕೇಳದ ಕವಲಿಗೆ ಏನೂ ಹೋಗುವುದಿಲ್ಲ.

ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. ನಾಲೆಯಲ್ಲಿ ನೀರು ಹಂಚಿಹೋಗುತ್ತದೆ, ಹಾಗಾಗಿ ಮಾನ್ವಿಯ ಕೆಳಭಾಗದ ರೈತರು ಪ್ರತಿ ಹಂಗಾಮಿನಲ್ಲೂ ನೀರಿಗಾಗಿ ಜಗಳ ಆಡಬೇಕಾಗುತ್ತದೆ. ಡಿಜಿಟಲ್ ಪ್ರತಿ ಹಂಚಿದರೆ ಸವೆಯುವುದಿಲ್ಲ. ಮೇಲಿನವರಿಗೆ ಸಿಕ್ಕದ್ದೇ ಕೊನೆಯಂಚಿನವರಿಗೂ ಸಿಗುತ್ತದೆ. ಮೇಲಿನ ಲೆಕ್ಕದ ಪಂಚಾಯಿತಿಯಲ್ಲಿ 33 ಮಂದಿ ನೋಡಲಿ, 330 ಮಂದಿ ನೋಡಲಿ, ಊರಿಗೆ ಬರುವ ಫೈಬರ್‌ನಲ್ಲಿ ಹರಿಯುವುದು 3 ಎಂಬಿಪಿಎಸ್ ಮಾತ್ರ.

ಇದಕ್ಕಾಗಿ 224ರಿಂದ 239ರವರೆಗಿನ ಅಂಕಿಯಿಂದ ಶುರುವಾಗುವ ಐಪಿ ವಿಳಾಸಗಳನ್ನು ಬೇರೆಯಾಗಿ ಎತ್ತಿಟ್ಟಿದ್ದಾರೆ. ಅವು ಯಾವ ಒಂದು ಯಂತ್ರದ ವಿಳಾಸವೂ ಅಲ್ಲ, ಒಂದೊಂದು ಗುಂಪಿನ ಹೆಸರು. ನೋಡಬೇಕಾದವರ ಯಂತ್ರ ತನ್ನ ಹತ್ತಿರದ ರೂಟರ್‌ಗೆ “ನನ್ನನ್ನು ಈ ಗುಂಪಿಗೆ ಸೇರಿಸು” ಎನ್ನುತ್ತದೆ. ಅಷ್ಟೇ. ಕಳಿಸುವವರು ಯಾರು, ಎಲ್ಲಿದ್ದಾರೆ ಎಂಬುದು ಕೇಳುವವರಿಗೆ ಗೊತ್ತಿರಬೇಕಾಗಿಲ್ಲ. ಕೇಳಲು ಎಷ್ಟು ಸೊಗಸಾದ ವ್ಯವಸ್ಥೆ! ತೊಡಕು ಹುಟ್ಟಿದ್ದು ಈ ಸೊಗಸಿನಿಂದಲೇ.

ಮೂಲ ಎಲ್ಲಿದೆ ಎಂದು ಹೇಳುವವರು ಯಾರು?

ಕೇಳುವವರಿಗೆ ಮೂಲ ಗೊತ್ತಿಲ್ಲ, ಮೂಲಕ್ಕೆ ಕೇಳುವವರು ಗೊತ್ತಿಲ್ಲ. ಹಾಗಾದರೆ ಇಬ್ಬರನ್ನೂ ಕೂಡಿಸುವುದು ಹೇಗೆ? ಇದಕ್ಕಾಗಿ ಪ್ರತಿ ಜಾಲದಲ್ಲೂ ಒಂದು ರೂಟರ್‌ಗೆ ‘ರಾಂಡೆವೂ ಪಾಯಿಂಟ್’ ಎಂಬ ಕೆಲಸ ಕೊಡುತ್ತಾರೆ. ಅಂದರೆ ಎಲ್ಲರೂ ಬಂದು ಸೇರುವ ಜಾಗ. ಊರಿನ ಅಗಸಿಯ ಬಳಿಯ ಕಟ್ಟೆ ಇದ್ದ ಹಾಗೆ, ಹೇಳುವವರೂ ಅಲ್ಲಿಗೇ ಬರುತ್ತಾರೆ, ಕೇಳುವವರೂ ಅಲ್ಲಿಗೇ ಬರುತ್ತಾರೆ. ನಾವೂ ಅದನ್ನು ಕಟ್ಟೆ ಎಂದೇ ಕರೆಯೋಣ. ಮೂಲದ ಪಕ್ಕದ ರೂಟರ್ ಕಟ್ಟೆಗೆ ಹೋಗಿ ತನ್ನ ಹೆಸರು ಬರೆಸುತ್ತದೆ. ಕೇಳುವವರ ರೂಟರ್ ಕಟ್ಟೆಗೆ ಬಂದು ವಿಚಾರಿಸುತ್ತದೆ. ಜೋಡಿ ಕೂಡುತ್ತದೆ.

ಒಂದು ಊರಿಗೆ ಒಂದು ಕಟ್ಟೆ ಸಾಕು. ಊರು ಮೂರಾದರೆ? ರಾಯಚೂರು ನಗರ, ದೇವದುರ್ಗ, ಮಾನ್ವಿ, ಈ ಮೂರರಲ್ಲೂ ಬೇರೆ ಬೇರೆ ಸಂಸ್ಥೆಗಳ ಜಾಲಗಳಿವೆ ಎಂದು ಊಹಿಸಿಕೊಳ್ಳಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಿಂದ ಹತ್ತಿಯ ಗುಲಾಬಿ ಕಾಯಿಕೊರಕದ ಬಗ್ಗೆ ತಜ್ಞರೊಬ್ಬರು ನೇರ ಉಪನ್ಯಾಸ ಕೊಡುತ್ತಿದ್ದಾರೆ. ಮೂಲದ ಹೆಸರು ರಾಯಚೂರಿನ ಕಟ್ಟೆಯಲ್ಲಿ ಬರೆಸಿದೆ. ದೇವದುರ್ಗದ ರೈತರು ಅದೇ ಗುಂಪಿನ ವಿಳಾಸ ಹಿಡಿದು ತಮ್ಮ ಊರಿನ ಕಟ್ಟೆಯಲ್ಲಿ ಕೇಳುತ್ತಾರೆ. ಅಲ್ಲಿ ಯಾರಿಗೂ ಸುದ್ದಿಯೇ ಇಲ್ಲ. ಗುಂಪಿನ ಹೆಸರು ಎರಡೂ ಕಡೆ ಒಂದೇ ಇದ್ದರೂ ಪರದೆ ಖಾಲಿ.

ಮೂರಕ್ಕೂ ಸೇರಿ ಒಂದೇ ಕಟ್ಟೆ ಇಟ್ಟುಕೊಳ್ಳಬಹುದಲ್ಲ ಎನ್ನಿಸಬಹುದು. ಆದರೆ ಅದು ಯಾರ ಊರಿನಲ್ಲಿರಬೇಕು? ಮಾನ್ವಿಯವರು ಮಾನ್ವಿಯವರಿಗೇ ಕಳಿಸುವ ಕಾರ್ಯಕ್ರಮವೂ ರಾಯಚೂರಿನ ಕಟ್ಟೆ ನಡೆದರೆ ಮಾತ್ರ ನಡೆಯಬೇಕೆ? ಅಲ್ಲಿ ಕರೆಂಟ್ ಹೋದರೆ ಇಲ್ಲಿ ಕತ್ತಲು. ಯಾವ ಸಂಸ್ಥೆಯೂ ಇದಕ್ಕೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಆಗ ಬಂದದ್ದು ‘ಎಂಎಸ್‌ಡಿಪಿ’. ಮಲ್ಟಿಕಾಸ್ಟ್‌ನ ಮೂಲವನ್ನು ಪತ್ತೆ ಹಚ್ಚುವ ನಿಯಮಾವಳಿ ಎಂಬುದು ಆ ಹೆಸರಿನ ಅರ್ಥ. 1990ರ ದಶಕದ ಕೊನೆಗೇ ಬಳಕೆಗೆ ಬಂದಿದ್ದ ಇದು ದಾಖಲೆಯಾಗಿ ಪ್ರಕಟವಾದದ್ದು 2003ರ ಅಕ್ಟೋಬರ್‌ನಲ್ಲಿ, ಅದೂ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿಯೊಂದಿಗೆ. ಕೆಲಸ ಸರಳ: ಬೇರೆ ಬೇರೆ ಜಾಲಗಳ ಕಟ್ಟೆಗಳು ತಮ್ಮತಮ್ಮಲ್ಲಿ ನೇರ ಸಂಪರ್ಕ ಇಟ್ಟುಕೊಳ್ಳುತ್ತವೆ. ಒಂದು ಕಡೆ ಹೊಸ ಮೂಲ ಶುರುವಾದೊಡನೆ ಆ ಕಟ್ಟೆ ನೆರೆಯ ಕಟ್ಟೆಗಳಿಗೆ ಡಂಗುರ ಹೊಡೆಸುತ್ತದೆ. ಅದರಲ್ಲಿ ಇರುವುದು ಮೂರೇ ಮಾತು: ಕಳಿಸುವವರ ವಿಳಾಸ, ಗುಂಪಿನ ವಿಳಾಸ, ಡಂಗುರ ಹೊಡೆಸಿದ ಕಟ್ಟೆಯ ವಿಳಾಸ. ಮೂಲ ನಡೆಯುತ್ತಿರುವಷ್ಟು ಹೊತ್ತೂ 60 ಸೆಕೆಂಡಿಗೊಮ್ಮೆ ಇದು ಮರುಕಳಿಸುತ್ತದೆ.

ಉಪನ್ಯಾಸದ ಚಿತ್ರ ಈ ದಾರಿಯಲ್ಲಿ ಬರುವುದಿಲ್ಲ, ಸುದ್ದಿ ಮಾತ್ರ ಬರುತ್ತದೆ. ದೇವದುರ್ಗದ ಕಟ್ಟೆಯಲ್ಲಿ ಆ ಗುಂಪನ್ನು ಕೇಳಿದವರಿದ್ದರೆ ಅದು ಮೂಲದ ಕಡೆಗೆ ತಾನೇ ದಾರಿ ಕಟ್ಟಿಕೊಳ್ಳುತ್ತದೆ. ಕೇಳಿದವರಿಲ್ಲದಿದ್ದರೆ ಸುದ್ದಿ ಕೇಳಿಸಿಕೊಂಡು ಸುಮ್ಮನಿರುತ್ತದೆ. ಎರಡೂ ಸಂದರ್ಭಗಳಲ್ಲಿ ಆ ಸುದ್ದಿಯನ್ನು ತನ್ನ ಮುಂದಿನ ನೆರೆಯವರಿಗೆ ದಾಟಿಸುತ್ತದೆ.

ಸುದ್ದಿ ಸುತ್ತಿಕೊಂಡು ಬಂದು ಹುಟ್ಟಿದಲ್ಲಿಗೇ ಸೇರಿ ಮತ್ತೆ ಹೊರಟರೆ ಗತಿಯೇನು? ಅದಕ್ಕೂ ಒಂದು ನಿಯಮವಿದೆ. ರಾಯಚೂರಿನ ಸುದ್ದಿ ರಾಯಚೂರಿನ ಕಡೆಯ ದಾರಿಯಿಂದ ಬಂದರೆ ಮಾತ್ರ ಒಪ್ಪಿಕೊ, ಮಾನ್ವಿ ಸುತ್ತಿ ಬಂದದ್ದನ್ನು ಅಲ್ಲೇ ಬಿಡು. ವಾಟ್ಸಾಪ್‌ಗೂ ಇಂಥದ್ದೊಂದು ನಿಯಮ ಇದ್ದಿದ್ದರೆ ನಮ್ಮ ಕೆಲಸ ಎಷ್ಟೋ ಕಡಿಮೆಯಾಗುತ್ತಿತ್ತು.

ಡಂಗುರದ ಮೇಲೆ ಡಂಗುರ

ಯಾರೂ ಕೇಳದಿದ್ದರೂ ಪ್ರತಿ ಮೂಲದ ಸುದ್ದಿ ಎಲ್ಲ ಜಾಲಗಳಿಗೂ ಹೋಗಲೇಬೇಕು, ಇದೇ ಎಂಎಸ್‌ಡಿಪಿಯ ದೌರ್ಬಲ್ಯ. ಕಳಿಸುವವರು ಹತ್ತು ನೂರು ಇದ್ದಾಗ ಅದೊಂದು ಭಾರವೇ ಅಲ್ಲ. ಆಗ ಇದನ್ನು ಬಳಸುತ್ತಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು. ಪರಸ್ಪರ ಪರಿಚಯ, ನಂಬಿಕೆ ಇದ್ದವರು.

2001ರ ಜನವರಿಯಲ್ಲಿ ‘ರಾಮೆನ್’ ಎಂಬ ಕಂಪ್ಯೂಟರ್ ಹುಳು ಲಿನಕ್ಸ್ ಯಂತ್ರಗಳಿಗೆ ಬಿತ್ತು. ಹೊಸ ಬೇಟೆ ಹುಡುಕಲು ಅದು ಸಿಕ್ಕಸಿಕ್ಕ ವಿಳಾಸಗಳ ಬಾಗಿಲು ತಟ್ಟುತ್ತಿತ್ತು, ಮಲ್ಟಿಕಾಸ್ಟ್‌ಗೆಂದು ಎತ್ತಿಟ್ಟ ವಿಳಾಸಗಳನ್ನೂ ಬಿಡದೆ. ಹುಳುವಿಗೆ ಅಲ್ಲಿ ಸಿಗುವುದು ಏನೂ ಇಲ್ಲ, ಗುಂಪಿನ ಹೆಸರಿನ ಹಿಂದೆ ಯಂತ್ರವೇ ಇರುವುದಿಲ್ಲವಲ್ಲ. ಆದರೆ ಹತ್ತಿರದ ರೂಟರ್‌ಗೆ ಅದು ತಿಳಿಯಬೇಕಲ್ಲ? ಗುಂಪಿನ ವಿಳಾಸಕ್ಕೆ ಒಂದು ಪ್ಯಾಕೆಟ್ ಹೋದರೂ “ಹೊಸ ಮೂಲ ಶುರುವಾಯಿತು” ಎಂದೇ ಅದರ ಅರ್ಥ. ಕಟ್ಟೆಯಲ್ಲಿ ಹೆಸರು ಬರೆಸಿತು. ಕಟ್ಟೆ ಡಂಗುರ ಹೊಡೆಸಿತು. ಮುಂದಿನ ವಿಳಾಸಕ್ಕೆ ಇನ್ನೊಂದು ಡಂಗುರ. ಹುಳು ಬಿದ್ದ ಒಂದೊಂದು ಯಂತ್ರವೂ ಸಾವಿರಾರು ಹುಸಿ ‘ನೇರ ಪ್ರಸಾರ’ಗಳ ಮೂಲವಾಗಿ ಜಗತ್ತಿಗೆಲ್ಲ ಕಾಣಿಸಿತು. ಆ ಹುಳುವಿಗೆ ಸಂಬಂಧವೇ ಇರದ ದೂರದ ಜಾಲಗಳ ರೂಟರ್‌ಗಳು ಸುದ್ದಿಯ ಭಾರಕ್ಕೇ ಕುಸಿದವು.

ನಿರ್ವಾಹಕರು ಮುಂದೆ ಮಿತಿಗಳನ್ನು ಹಾಕಿದರು: ಇಂಥ ನೆರೆಯವರಿಂದ ಇಷ್ಟೇ ಸುದ್ದಿ ಒಪ್ಪುವುದು, ಇಂಥ ವಿಳಾಸಗಳದ್ದನ್ನು ಒಪ್ಪುವುದೇ ಇಲ್ಲ, ಹೀಗೆ. ಹುಳುವಿನ ಕಾಟ ಮುಗಿಯಿತು. ಆದರೆ ವಾಣಿಜ್ಯ ಕಂಪನಿಗಳಿಗೆ ಪಾಠ ಸ್ಪಷ್ಟವಾಗಿತ್ತು. ಬೇರೆಯವರ ಮನೆಯ ಗದ್ದಲ ನನ್ನ ಮನೆಯ ಯಂತ್ರವನ್ನು ಕೆಡಿಸುವುದಾದರೆ ಬಾಗಿಲನ್ನೇ ಯಾಕೆ ತೆರೆಯಬೇಕು?

ಹಣದ ಲೆಕ್ಕ ಇನ್ನೊಂದು ಕಡೆ. ಒಂದು ಪ್ರತಿ ಒಳಗೆ ಬಂದು ಸಾವಿರ ಪ್ರತಿಯಾಗಿ ಹೊರಗೆ ಹೋದರೆ ಯಾರು ಯಾರಿಗೆ ದುಡ್ಡು ಕೊಡಬೇಕು ಎಂಬುದಕ್ಕೆ ಒಪ್ಪುವಂಥ ಉತ್ತರ ಸಿಗಲಿಲ್ಲ. ಎಷ್ಟು ಮಂದಿ ನೋಡಿದರು ಎಂದು ಮೂಲಕ್ಕೆ ತಿಳಿಯುವುದಿಲ್ಲ, ತಿಳಿಯದಿದ್ದರೆ ಜಾಹೀರಾತು ಮಾರುವುದು ಹೇಗೆ? ಸಿಗ್ನಲ್ ಕಡಿಮೆಯಿದ್ದವರಿಗೆ ಸಣ್ಣ ಚಿತ್ರ, ಚೆನ್ನಾಗಿದ್ದವರಿಗೆ ದೊಡ್ಡ ಚಿತ್ರ ಎಂದು ಬದಲಿಸಿ ಕಳಿಸಲೂ ಆಗದು. ನಮ್ಮ ಅಭಿಪ್ರಾಯದಲ್ಲಿ ಹುಳುವಿಗಿಂತ ಈ ಲೆಕ್ಕವೇ ಹೆಚ್ಚು ಹೊಡೆತ ಕೊಟ್ಟದ್ದು.

ಈಗ ಏನು ನಡೆಯುತ್ತಿದೆ?

ಕಂಪನಿಗಳು ಬೇರೆ ದಾರಿ ಹಿಡಿದವು. ಪಂದ್ಯದ ಪ್ರತಿಗಳನ್ನು ದೊಡ್ಡ ನಗರಗಳಲ್ಲಿ, ಇಂಟರ್‌ನೆಟ್ ಕೊಡುವ ಕಂಪನಿಗಳ ಅಂಗಳದಲ್ಲೇ ಇರುವ ಸರ್ವರ್‌ಗಳಿಗೆ ತಂದಿಟ್ಟು, ಅಲ್ಲಿಂದ ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಬಡಿಸುವುದು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಪಂದ್ಯವನ್ನು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಮಂದಿ ನೋಡಿದ್ದು ಹೀಗೆಯೇ. ನಿಜಕ್ಕೂ ದೊಡ್ಡ ಸಾಧನೆ. ಆದರೆ ಈ ವಿಧಾನ ದೂರದ ದಾರಿಯ ಭಾರವನ್ನು ಇಳಿಸುತ್ತದೆಯೇ ಹೊರತು ಊರಿನ ಕೊನೆಯ ಕೊಳವೆಯದ್ದನ್ನು ಅಲ್ಲ. ನಗರದಲ್ಲಿ ಕೊಳವೆ ದಪ್ಪವಿದೆ, ಹಳ್ಳಿಯಲ್ಲಿ ಇಲ್ಲ. ಸರ್ವರ್‌ಗಳ ಮೂಲಕ ತುಂಡು ತುಂಡಾಗಿ ಬರುವುದರಿಂದ ತಡವೂ ಆಗುತ್ತದೆ. ಪಕ್ಕದ ಮನೆಯ ಟಿವಿಯವರು “ಔಟ್!” ಎಂದು ಕೂಗಿದ ಎಷ್ಟೋ ಹೊತ್ತಿಗೆ ನಿಮ್ಮ ಮೊಬೈಲಿನಲ್ಲಿ ಬೌಲರ್ ಓಡಲು ಶುರುಮಾಡುತ್ತಾನಲ್ಲ, ಅದಕ್ಕೆ ಮುಖ್ಯ ಕಾರಣ ಇದು.

ಮಲ್ಟಿಕಾಸ್ಟ್ ಸತ್ತಿಲ್ಲ. ಕಂಪನಿಯೊಂದರ ಜಾಲದೊಳಗಿನ ಐಪಿಟಿವಿಯಲ್ಲಿ, ಷೇರುಪೇಟೆಯ ದರಗಳನ್ನು ದಲ್ಲಾಳಿಗಳಿಗೆ ಒಂದೇ ಹೊತ್ತಿಗೆ ಮುಟ್ಟಿಸುವಲ್ಲಿ ಅದು ದಿನವೂ ದುಡಿಯುತ್ತಿದೆ. ಇಲ್ಲೆಲ್ಲ ಯಜಮಾನ ಒಬ್ಬರೇ, ಅಥವಾ ಒಪ್ಪಂದವಾದವರು.

ಜಾಲದಿಂದ ಜಾಲಕ್ಕೆ ದಾಟುವ ವಿಷಯದಲ್ಲಿ ತಜ್ಞರು ಕೊನೆಗೆ ಬಂದು ನಿಂತದ್ದು ಎಲ್ಲಿಗೆ ಗೊತ್ತೆ? ಡಂಗುರವೇ ಬೇಡ ಎಂಬಲ್ಲಿಗೆ. 2006ರಲ್ಲಿ ನಿಯಮವಾಗಿ ಬಂದ ಇನ್ನೊಂದು ಬಗೆಯಲ್ಲಿ ಕೇಳುವವರು ಗುಂಪಿನ ಹೆಸರನ್ನಷ್ಟೇ ಅಲ್ಲ, ಮೂಲದ ವಿಳಾಸವನ್ನೂ ಹೇಳಬೇಕು: “ಈ ಗುಂಪು ಬೇಕು, ಅದೂ ಇಂಥವರೇ ಕಳಿಸಿದ್ದು ಬೇಕು.” ವಿಳಾಸ ಕಾರ್ಯಕ್ರಮದ ಪುಟದಲ್ಲೋ ಆ್ಯಪ್‌ನಲ್ಲೋ ಮೊದಲೇ ಸಿಕ್ಕಿರುತ್ತದೆ. ಕಟ್ಟೆ ಬೇಡ, ಹುಸಿ ಮೂಲಗಳು ನುಸುಳುವ ದಾರಿಯೂ ಕಿರಿದಾಯಿತು. 2020ರಲ್ಲಿ ಇಂಟರ್‌ನೆಟ್ ನಿಯಮಗಳನ್ನು ರೂಪಿಸುವ ಐಇಟಿಎಫ್, ಜಾಲಗಳ ನಡುವೆ ಹಳೆಯ ಬಗೆಯನ್ನು ಇನ್ನು ಬಿಡಿ, ಮೂಲವನ್ನು ಹೆಸರಿಸುವ ಬಗೆಯನ್ನೇ ಬಳಸಿ ಎಂದು ಸಲಹೆ ಕೊಟ್ಟಿತು. ಎಂಎಸ್‌ಡಿಪಿ ಈಗ ಹೆಚ್ಚಾಗಿ ಉಳಿದಿರುವುದು ಒಂದೇ ಸಂಸ್ಥೆಯ ಒಳಗೆ, ಒಂದು ಕಟ್ಟೆ ಕೆಟ್ಟರೆ ಇನ್ನೊಂದು ಇರಲಿ ಎಂದು ಇಟ್ಟ ಜೋಡಿ ಕಟ್ಟೆಗಳು ಸುದ್ದಿ ಹಂಚಿಕೊಳ್ಳಲು.

ಎರಡು ನದಿ, ಹಲವು ಕಟ್ಟೆ

ಪಂದ್ಯ ನಿಂತರೆ ಬೇಸರ, ಅಷ್ಟೇ. ಆದರೆ ಒಂದೇ ಸುದ್ದಿಯನ್ನು ಬಹಳ ಮಂದಿಗೆ, ಹಲವರ ಗಡಿ ದಾಟಿ ಮುಟ್ಟಿಸುವ ಕೆಲಸ ರಾಯಚೂರು ಜಿಲ್ಲೆಯಲ್ಲಿ ಪ್ರತಿ ಮಳೆಗಾಲದಲ್ಲೂ ಜೀವದ ಪ್ರಶ್ನೆಯಾಗಿ ಬರುತ್ತದೆ. ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗಕ್ಕೆ ಬರುವ ನೀರು ನಾರಾಯಣಪುರದ ಬಸವಸಾಗರದಿಂದ. ಅದನ್ನು ನಿರ್ವಹಿಸುವುದು ಕೃಷ್ಣಾ ಭಾಗ್ಯ ಜಲ ನಿಗಮ. ಅಲ್ಲಿಂದ ಹೆಚ್ಚು ನೀರು ಬಿಟ್ಟರೆ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿ ಆಚೆ ದಡದ ಸಂಪರ್ಕ ತಪ್ಪುತ್ತದೆ. ಮಾನ್ವಿಯ ದಡಕ್ಕೆ ಬರುವ ನೀರು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಿಂದ, ಅದರ ಉಸ್ತುವಾರಿ ಅಂತರರಾಜ್ಯ ಮಂಡಳಿಯದ್ದು. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನೀರಿಗಿಂತ ಮೊದಲು ಸುದ್ದಿ ಹೋಗಬೇಕಿದ್ದದ್ದು ಹಲವು ಜಿಲ್ಲೆಗಳಿಗೆ, ಕೆಳಗಿನ ರಾಜ್ಯಗಳಿಗೂ.

ಎಂಎಸ್‌ಡಿಪಿಯ ಪ್ರಶ್ನೆಗಳೇ ಇಲ್ಲಿಯೂ ಬರುತ್ತವೆ. ಮೂಲ ಯಾರ ಸುಪರ್ದಿನಲ್ಲಿದೆ? ಸುದ್ದಿಯನ್ನು ಮುಂದಿನ ಕಟ್ಟೆಗೆ ಯಾರು ದಾಟಿಸುತ್ತಾರೆ? ಬಂದ ಸುದ್ದಿ ಸರಿಯಾದ ಕಡೆಯಿಂದಲೇ ಬಂತೇ? ಇದಕ್ಕಾಗಿ ಜಗತ್ತಿನಾದ್ಯಂತ ‘ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್’ ಎಂಬ ಒಂದು ನಮೂನೆ ಬಳಕೆಯಲ್ಲಿದೆ. ಭಾರತದ ‘ಸಚೇತ್’ ಎಚ್ಚರಿಕೆ ವ್ಯವಸ್ಥೆಯೂ ಅದನ್ನೇ ಬಳಸುತ್ತದೆ. ಕಳಿಸಿದವರು ಯಾರು, ಯಾವಾಗ, ಯಾವ ಪ್ರದೇಶಕ್ಕೆ, ಇದು ನಿಜವಾದ ಎಚ್ಚರಿಕೆಯೋ ಪರೀಕ್ಷೆಯೋ ಎಂಬುದನ್ನು ಪ್ರತಿ ಸಂದೇಶದಲ್ಲೂ ಬರೆಯಲು ಅದರಲ್ಲಿ ಜಾಗ ಗೊತ್ತುಮಾಡಿದ್ದಾರೆ. ಬೇರೆ ಬೇರೆ ಇಲಾಖೆಗಳು, ಮೊಬೈಲ್ ಕಂಪನಿಗಳು ಒಂದೇ ನಮೂನೆಯನ್ನು ಓದಬಲ್ಲವು.

ಕೊನೆಯ ಹೆಜ್ಜೆಯಲ್ಲಿ ಟವರ್‌ನಿಂದ ಫೋನಿಗೆ ಬರುವ ‘ಸೆಲ್ ಬ್ರಾಡ್‌ಕಾಸ್ಟ್’ ಇದೆ. ಎಸ್‌ಎಂಎಸ್ ಒಬ್ಬೊಬ್ಬರಿಗೆ ಒಂದೊಂದಾಗಿ ಹೋಗುತ್ತದೆ, ಹತ್ತು ಸಾವಿರ ಮಂದಿಗೆ ಹತ್ತು ಸಾವಿರ ಪ್ರತಿ, ಜಾಲ ದಣಿದಿದ್ದರೆ ತಡವಾಗಿ. ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಟವರ್ ಒಂದೇ ಪ್ರತಿಯನ್ನು ಗಾಳಿಗೆ ಬಿಡುತ್ತದೆ, ವ್ಯಾಪ್ತಿಯಲ್ಲಿರುವ ಫೋನುಗಳೆಲ್ಲ ಅದನ್ನೇ ಹಿಡಿಯುತ್ತವೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಫೋನುಗಳು ಒಮ್ಮೆಗೇ ದೊಡ್ಡ ಸದ್ದು ಮಾಡಿದ್ದು ನೆನಪಿದೆಯೇ? ಅದು ಇದರ ಪರೀಕ್ಷೆ. ಇದಕ್ಕೆ ನಿಮ್ಮ ನಂಬರ್ ಯಾರಿಗೂ ಗೊತ್ತಿರಬೇಕಾಗಿಲ್ಲ, ಹಾಗಾಗಿ “ಸರ್ಕಾರದವರು ನಮ್ಮ ಫೋನಿನ ಒಳಗೆ ನುಗ್ಗಿದರು” ಎಂಬ ಮಾತಿಗೆ ಆಧಾರವಿಲ್ಲ. ಡೇಟಾ ಪ್ಯಾಕ್ ಖಾಲಿಯಾಗಿದ್ದರೂ ಬರುತ್ತದೆ.

ನದಿ ದಡದ ಊರುಗಳಲ್ಲಿ ಇರುವವರು ಒಂದು ಕೆಲಸ ಮಾಡಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಎಂದು ಹುಡುಕಿ, ಅದು ಆನ್ ಇದೆಯೇ ನೋಡಿಕೊಳ್ಳಿ. ಪರೀಕ್ಷೆಯ ದಿನದ ಸದ್ದಿಗೆ ಬೇಸತ್ತು ಆಫ್ ಮಾಡಿ ಮರೆತಿದ್ದರೆ ಮತ್ತೆ ಆನ್ ಮಾಡಿ. ಮನೆಯ ಹಿರಿಯರ ಫೋನನ್ನೂ ತೆಗೆದು ನೋಡಿ.